ಪಹಣಿಯ ಕಥೆ: ಆತಕೂರಿನ ಕಲ್ಲಿನಿಂದ ಗಣಕಯಂತ್ರದವರೆಗೆ

ಮದ್ದೂರು ಎಂದೊಡನೆ ಬೆಂಗಳೂರು-ಮೈಸೂರು ರೈಲಿನಲ್ಲಿ ಹೋಗಿಬರುವವರಿಗೆ ವಡೆಯ ನೆನಪಾಗುತ್ತದೆ. ರಾಷ್ಟ್ರೀಯ ಚಳವಳಿಯ ಚರಿತ್ರೆಯನ್ನು ಬಲ್ಲವರಿಗೆ 1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹದ ನೆನಪಾಗುತ್ತದೆ. ಎರಡೂ ಈ ಊರಿಗೆ ಸಲ್ಲತಕ್ಕ ಕೀರ್ತಿಯೇ ಸರಿ. ಆದರೆ ಅಷ್ಟಾಗಿ ಯಾರೂ ಎತ್ತಿ ಹೇಳದ ಮೂರನೆಯದೊಂದು ಉಂಟು. ಭೂಮಿ ಯಾರದು, ಯಾವ ಕಾರಣಕ್ಕೆ ಅವರದಾಯಿತು ಎಂಬುದನ್ನು ಊರಿಗೆಲ್ಲ ಕಾಣುವಂತೆ ಬರೆದು ನಿಲ್ಲಿಸುವ ಪದ್ಧತಿಗೆ ಒಂದು ಒಳ್ಳೆಯ ಹಳೆಯ ಮಾದರಿ ದೊರೆತಿರುವುದು ಇದೇ ತಾಲ್ಲೂಕಿನ ಆತಕೂರಿನಲ್ಲಿ.

ಆತಕೂರಿನ ಶಾಸನವನ್ನು ಕನ್ನಡ ಓದಿದವರು ಕೇಳಿಯೇ ಇರುತ್ತಾರೆ. ಶಕವರ್ಷ 872, ಎಂದರೆ ಕ್ರಿ. ಶ. 949-50ರ ಮಾತು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಘೋರವಾದ ಯುದ್ಧ ನಡೆಯಿತು. ಕೃಷ್ಣನ ಪಕ್ಷದಲ್ಲಿ ನಿಂತು ಕಾದಿದ ಗಂಗರ ಇಮ್ಮಡಿ ಬೂತುಗನು ತನ್ನ ಭಂಟನಾದ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ವರ ಕೊಡಲು ಮುಂದಾದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆಯ ನಾಯಿಯನ್ನು. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ ಅದನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು.

ಪಾಠ ಹೇಳುವ ನಾವು ಸಾಮಾನ್ಯವಾಗಿ ಇಲ್ಲಿಗೆ ಕಥೆಯನ್ನು ಮುಗಿಸಿಬಿಡುತ್ತೇವೆ. ಕಲ್ಲು ಮಾತ್ರ ಇಲ್ಲಿಗೆ ಮುಗಿಸುವುದಿಲ್ಲ. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟಲಿ ಎಂದು ಶಪಿಸುತ್ತದೆ. ಇಂದು ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚರಿತ್ರಕಾರರು ಅದರಲ್ಲಿ ಯುದ್ಧವನ್ನು ಕಾಣುತ್ತಾರೆ, ಭಾಷಾಶಾಸ್ತ್ರಜ್ಞರು ಹಳಗನ್ನಡವನ್ನು ಕಾಣುತ್ತಾರೆ. ರೈತನ ಕಣ್ಣಿನಿಂದ ನೋಡಿದರೆ ಅದೊಂದು ಭೂದಾಖಲೆ.

ವಾಚಕರೇ, ಭೂಮಿಯ ದಾಖಲೆ ಎಂಬುದು ಯಾವ ಕಾಲದ್ದೇ ಆಗಲಿ, ಅದನ್ನು ಕುರಿತು ಮೂರು ಪ್ರಶ್ನೆಗಳನ್ನು ಕೇಳಬೇಕು. ಅದನ್ನು ಬರೆಯುವವರು ಯಾರು? ಅದನ್ನು ನೋಡಬಲ್ಲವರು ಯಾರು? ಅದರಲ್ಲಿ ಯಾರ ಹೆಸರು ಬರುತ್ತದೆ, ಯಾರ ಹೆಸರು ಬರುವುದಿಲ್ಲ? ಗಣಕಯಂತ್ರದಿಂದ ಬಡತನವನ್ನು ಕಡಮೆ ಮಾಡಬಹುದೆಂದು ಇಂದು ಲೋಕದಲ್ಲೆಲ್ಲ ಹೇಳುತ್ತಿದ್ದಾರೆ. ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ತಿಳಿಯಲು ನಮ್ಮ ನಾಡಿನ ಪಹಣಿಯ ಕಥೆಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ. ಈ ಮೂರು ಪ್ರಶ್ನೆಗಳನ್ನೇ ಕೈದೀಪವಾಗಿ ಹಿಡಿದು ಆ ಕಥೆಯನ್ನು ನೋಡೋಣ.

ಕಲ್ಲಿಗೆ ಒಂದು ಗುಣವಿತ್ತು. ಅದು ಗುಡಿಯ ಮುಂದೆ ನಿಂತಿತ್ತು. ಮುಚ್ಚಿಡುವಂತಿರಲಿಲ್ಲ, ತಿದ್ದುವುದೂ ಸುಲಭವಾಗಿರಲಿಲ್ಲ. ಆದರೆ ಕಲ್ಲಿನಲ್ಲಿ ಹೆಸರು ಕೊರೆಸಿಕೊಳ್ಳುವ ಭಾಗ್ಯ ದೇವರಿಗೆ, ಬ್ರಾಹ್ಮಣರಿಗೆ, ವೀರರಿಗೆ ಉಂಟೇ ಹೊರತು ಕೆರೆಯ ಕೆಳಗೆ ಉತ್ತು ಬಿತ್ತುವ ಒಕ್ಕಲಿಗೆ ಇರಲಿಲ್ಲ. ಒಕ್ಕಲಿನ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿ ಇರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಒದ್ದೆ ಬಟ್ಟೆಯಿಂದ ಒರಸಿದರೆ ಬರಹ ಹೋಗುತ್ತದೆ, ಮತ್ತೆ ಬರೆಯಬಹುದು. ಕಲ್ಲಿನ ಕಾಲದಲ್ಲಿ ಬಯಲಿನಲ್ಲಿದ್ದ ದಾಖಲೆ ಹೀಗೆ ಒಬ್ಬರ ಮನೆಯ ಪೆಟ್ಟಿಗೆಯನ್ನು ಸೇರಿತು. ಪ್ರಾಮಾಣಿಕರಾದ ಶಾನುಭೋಗರು ಎಷ್ಟೋ ಮಂದಿ ಇದ್ದರು. ಊರಿನ ಗಡಿ, ನೀರಿನ ಸರದಿ, ಹಂಗಾಮಿನ ಕಂದಾಯ ಎಲ್ಲವೂ ಅವರಿಗೆ ಬಾಯಿಪಾಠ. ಆದರೂ ಒಬ್ಬರ ಕೈಯಲ್ಲೇ ಬರೆಯುವ ಅಧಿಕಾರ, ಇಡುವ ಅಧಿಕಾರ, ತೋರಿಸುವ ಅಧಿಕಾರ ಮೂರೂ ಕೂಡಿದರೆ ಅಕ್ಷರ ಬಾರದ ರೈತ ಅವರ ದಯೆಯಲ್ಲಿ ಬಾಳಬೇಕಾಗುತ್ತದೆ ಎಂಬುದು ಸಹಜವೇ.

ಮೈಸೂರು ಸಂಸ್ಥಾನದಲ್ಲಿ ಹೊಲಗದ್ದೆಗಳನ್ನು ಸರಪಳಿ ಹಿಡಿದು ಅಳೆದು ಸರ್ವೆ ನಂಬರು ಕೊಡುವ ಕೆಲಸ ಮೊದಲಾದದ್ದು ಕಮಿಷನರುಗಳ ಆಳ್ವಿಕೆಯಲ್ಲಿ, 1863ರಲ್ಲಿ. 1888ರಲ್ಲಿ ಮೈಸೂರು ಭೂಕಂದಾಯ ಸಂಹಿತೆ ಬಂದಿತು. ನೆಲಕ್ಕೆ ನಂಬರು ಬಂದದ್ದರಿಂದ ಗಡಿಯ ಜಗಳ ಎಷ್ಟೋ ಕಡಮೆಯಾಯಿತು. ಆದರೆ ಪುಸ್ತಕ ಮಾತ್ರ ಶಾನುಭೋಗರ ಬಳಿಯೇ ಉಳಿಯಿತು.

ಈ ನಡುವೆ ಮಂಡ್ಯದ ನೆಲದ ಹಣೆಬರಹವೇ ಬದಲಾಯಿತು. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಮುಂದೆ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಮದ್ದೂರುಗಳ ಬಯಲಿಗೆ ನೀರು ಹರಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತ, ಕಬ್ಬು ನಿಂತವು. ಕಬ್ಬು ರಾಗಿಯಂತಲ್ಲ. ಅದಕ್ಕೆ ಬಿತ್ತನೆಯ ತುಂಡು, ಗೊಬ್ಬರ, ಕೂಲಿ ಎಲ್ಲಕ್ಕೂ ಮೊದಲೇ ಹಣ ಸುರಿಯಬೇಕು; ಕಾರ್ಖಾನೆಯಿಂದ ಹಣ ಕೈಸೇರುವ ಹೊತ್ತಿಗೆ ವರ್ಷ ಕಳೆದುಹೋಗಿರುತ್ತದೆ. ಆದ್ದರಿಂದ ಸಾಲವಿಲ್ಲದೆ ಕಬ್ಬಿಲ್ಲ. ಸೊಸೈಟಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಸಾಲ ಬೇಕಾದರೆ ಭೂಮಿ ತನ್ನದೆಂದು ತೋರಿಸುವ ಕಾಗದ ಬೇಕು. ನೀರು ಬಂದ ಮೇಲೆ ಕಾಗದದ ಬೆಲೆಯೂ ಏರಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಮೊದಲನೆಯ ಪ್ರಶ್ನೆಗೆ ಕೈಹಾಕಿತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲ, ಶಾನುಭೋಗಿಕೆಗಳು ಕೊನೆಗಂಡವು. ಅವರ ಸ್ಥಾನಕ್ಕೆ ಸಂಬಳದ ನೌಕರರಾದ ಗ್ರಾಮಲೆಕ್ಕಿಗರು ಬಂದರು. ಅವರನ್ನು ಈಗ ಗ್ರಾಮ ಆಡಳಿತ ಅಧಿಕಾರಿಗಳೆಂದು ಕರೆಯುತ್ತಾರೆ. 1964ರ ಭೂಕಂದಾಯ ಕಾಯಿದೆ ರಾಜ್ಯಕ್ಕೆಲ್ಲ ಒಂದೇ ಬಗೆಯ ದಾಖಲೆಯನ್ನು ವಿಧಿಸಿತು. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಈ ಪತ್ರವನ್ನು ಕಚೇರಿಯವರು ಆರ್.ಟಿ.ಸಿ. ಎನ್ನುತ್ತಾರೆ, ನಾವು ಪಹಣಿ ಎನ್ನುತ್ತೇವೆ. ಅದರ 9ನೆಯ ಅಂಕಣದಲ್ಲಿ ಸ್ವಾಧೀನದಾರನ ಹೆಸರು, 11ನೆಯದರಲ್ಲಿ ಸಾಲ ಮುಂತಾದ ಋಣಗಳು, 12ನೆಯದರಲ್ಲಿ ಸಾಗುವಳಿ ಮಾಡುವವನ ಹೆಸರೂ ಬೆಳೆಯೂ ಇರುತ್ತವೆ. ಅಲ್ಲಿ ಬರೆದದ್ದು ಸುಳ್ಳೆಂದು ಸಿದ್ಧವಾಗುವವರೆಗೆ ನಿಜವೆಂದೇ ಭಾವಿಸಬೇಕೆಂದು ಕಾಯಿದೆ ಹೇಳುತ್ತದೆ.

ಈ 12ನೆಯ ಅಂಕಣದ ಮಹಿಮೆ ಜನಕ್ಕೆ ತಿಳಿದದ್ದು ದೇವರಾಜ ಅರಸರ ಕಾಲದಲ್ಲಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದುಹಾಕಿ, ಉಳುವವನೇ ಹೊಲದೊಡೆಯನೆಂದು ಸಾರಿತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿಗಳನ್ನು ಹಿಡಿದು ಭೂನ್ಯಾಯಮಂಡಲಿಗಳ ಮುಂದೆ ನಿಂತರು. ಬಾಯಿಮಾತಿನ ವಾರದಿಂದ ತಲೆತಲಾಂತರ ಉತ್ತವನಿಗೆ ಆ ದಿನ ಗಟ್ಟಿಯಾದ ಸಾಕ್ಷಿ ಯಾವುದು? ಪಹಣಿಯ ಒಂದು ಸಾಲು. ಹೆಸರಿದ್ದವನ ಹಕ್ಕಿಗೆ ಬಲ ಬಂತು. ಹೆಸರಿಲ್ಲದವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆದ. ಒಂದು ಅಂಕಣ ತುಂಬಿದೆಯೋ ಬರಿದಾಗಿದೆಯೋ ಎಂಬುದರ ಮೇಲೆ ಮನೆತನಗಳ ಸ್ಥಿತಿ ನಿಂತಿತು.

ಇಷ್ಟು ಮುಖ್ಯವಾದ ಪತ್ರವನ್ನು ಪಡೆಯುವುದು ಎಷ್ಟು ಕಷ್ಟವಾಗಿತ್ತೆಂದರೆ, ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಪಹಣಿ ಎಂಬುದು ಮರಾಠಿಯಿಂದ ಬಂದ ಮಾತು. 'ನೋಡು' ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ಹೊಲವನ್ನು ಕಣ್ಣಾರೆ ನೋಡಿ ಬರೆದದ್ದು ಪಹಣಿ. ಹೀಗೆ ನೋಡುವುದರಿಂದಲೇ ಹೆಸರು ಪಡೆದ ಪತ್ರವನ್ನು ರೈತನೊಬ್ಬ ಮಾತ್ರ ನೋಡಲಾರದೆ ಹೋದ. ರಾಜ್ಯದಲ್ಲಿ ಸುಮಾರು 2 ಕೋಟಿ ಪಹಣಿಗಳು, ಅವುಗಳನ್ನು ಕೈಯಿಂದ ಬರೆದು ಇಟ್ಟುಕೊಂಡವರು ಸುಮಾರು 9,000 ಗ್ರಾಮಲೆಕ್ಕಿಗರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಒಂದು ಹಳ್ಳಿಗೆ ಹೋದರೆ ಅವರು ಇನ್ನೊಂದು ಹಳ್ಳಿಯಲ್ಲಿ. ಅಲ್ಲಿಗೆ ಹೋದರೆ ತಾಲ್ಲೂಕು ಕಚೇರಿಯಲ್ಲಿ. ನಾಲ್ಕು ಸಲ ಅಲೆದರೆ ನಾಲ್ಕು ದಿನದ ಕೂಲಿ ಹೋಯಿತು. ಕೈ ಬಿಸಿ ಮಾಡದೆ ಕಾಗದ ಹೊರಡದು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಇಂಥ ಸಂದರ್ಭದಲ್ಲೇ ಹುಟ್ಟಿರಬೇಕು.

ಇದರಿಂದ ಬಡತನ ಹೇಗೆ ಬೆಳೆಯುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಮುಂಗಾರು ಯಾರಿಗಾಗಿಯೂ ಕಾಯುವುದಿಲ್ಲ. ನಾಲೆಗೆ ನೀರು ಬಿಟ್ಟ ಹದಿನೈದು ದಿನದೊಳಗೆ ನಾಟಿಯಾಗಬೇಕು. ಆ ಹದಿನೈದು ದಿನದಲ್ಲಿ ಪಹಣಿ ಸಿಕ್ಕದಿದ್ದರೆ ಸೊಸೈಟಿಯ ಸಾಲ ಇಲ್ಲ. ಸೊಸೈಟಿಯ ಸಾಲ ಇಲ್ಲದಿದ್ದರೆ ಊರಿನ ಸಾಹುಕಾರನ ಕೈಸಾಲವೇ ಗತಿ. ಕೈಸಾಲದ ಬಡ್ಡಿ ಬೆಳೆಯ ಲಾಭವನ್ನು ತಿನ್ನುತ್ತದೆ. ಬೆಳೆ ಕೈಕೊಟ್ಟರೆ ನೆಲವನ್ನೇ ತಿನ್ನುತ್ತದೆ. ಹೀಗೆ ಒಂದು ಹಾಳೆ ಕಾಗದ ತಡವಾದದ್ದಕ್ಕೆ ಎರಡು ಎಕರೆಯ ರೈತ ಕೂಲಿಯಾಗುತ್ತಾನೆ. ಹಣವಂತನಿಗೆ ಇದೇ ತಡ ಒಂದು ತೊಂದರೆ ಮಾತ್ರ. ಬಡವನಿಗೆ ಅದು ಒಂದು ತೆರಿಗೆ. ಯಾವ ಕಾಯಿದೆಯಲ್ಲಿಯೂ ಬರೆಯದ, ಬಡವನೇ ಹೆಚ್ಚು ಕೊಡಬೇಕಾದ ತೆರಿಗೆ.

ಭೂದಾಖಲೆಯನ್ನು ಗಣಕಯಂತ್ರಕ್ಕೆ ತುಂಬುವ ಮೊದಲ ಪ್ರಯತ್ನ ನಮ್ಮ ರಾಜ್ಯದಲ್ಲಿ ಆದದ್ದು 1991ರಲ್ಲಿ, ಗುಲ್ಬರ್ಗಾ ಜಿಲ್ಲೆಯಲ್ಲಿ. ಆದರೆ ಯಂತ್ರದಲ್ಲಿ ತುಂಬಿದ್ದೊಂದು, ಗ್ರಾಮಲೆಕ್ಕಿಗರ ಪುಸ್ತಕದಲ್ಲಿ ತಿದ್ದುತ್ತ ಹೋದದ್ದೊಂದು. ಜಮೀನು ಕೈಬದಲಾದಂತೆಲ್ಲ ಯಂತ್ರದ ಲೆಕ್ಕ ಹಳಸುತ್ತ ಬಂತು. ಎರಡು ಗಡಿಯಾರ ಇಟ್ಟುಕೊಂಡವನಿಗೆ ಗಂಟೆ ಎಷ್ಟೆಂದು ತಿಳಿಯುವುದಿಲ್ಲವಷ್ಟೆ.

ಎರಡನೆಯ ಪ್ರಯತ್ನಕ್ಕೆ 'ಭೂಮಿ' ಎಂದು ಹೆಸರು. ಇದು ಜನರ ಕೈಗೆ ಬಂದದ್ದು ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ. 1932ರಲ್ಲಿ ಇದೇ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಹುಟ್ಟಿದ ಅವರು 1999ರ ಅಕ್ಟೋಬರಿನಿಂದ 2004ರ ಮೇವರೆಗೆ ಆ ಸ್ಥಾನದಲ್ಲಿದ್ದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಯೋಜನೆಯನ್ನು ಮುನ್ನಡೆಸಿದವರು ಕಂದಾಯ ಇಲಾಖೆಯ ಅಧಿಕಾರಿ ರಾಜೀವ್ ಚಾವ್ಲಾ. ಯಂತ್ರಕ್ಕೆ ಬೇಕಾದ ಕ್ರಮವಿಧಿಯನ್ನು ರಚಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ, ಎಂದರೆ ಎನ್.ಐ.ಸಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ತುಂಬಿ, ಅಚ್ಚು ತೆಗೆದು, ಗ್ರಾಮಲೆಕ್ಕಿಗರಿಂದ ತಾಳೆ ನೋಡಿಸಿ, ಮತ್ತೆ ತಿದ್ದಿದರು. 2002ರ ಹೊತ್ತಿಗೆ ಮದ್ದೂರೂ ಸೇರಿದಂತೆ ಆಗಿನ 177 ತಾಲ್ಲೂಕುಗಳಲ್ಲಿಯೂ ಪಹಣಿಯ ಕಿಟಕಿ ತೆರೆಯಿತು.

ಈ ಏರ್ಪಾಟಿನ ಜಾಣ್ಮೆ ಯಂತ್ರದಲ್ಲಿರಲಿಲ್ಲ, ಅದಕ್ಕೆ ಕಟ್ಟಿದ ಕಟ್ಟಳೆಗಳಲ್ಲಿತ್ತು. ಅವುಗಳಲ್ಲಿ ನಾಲ್ಕನ್ನು ಹೇಳುತ್ತೇನೆ. ಮೊದಲನೆಯದಾಗಿ, ಒಂದು ತಾಲ್ಲೂಕಿನಲ್ಲಿ ಕಿಟಕಿ ತೆರೆದೊಡನೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರ ಸಾರಿತು. ಗುಲ್ಬರ್ಗಾದ ಎರಡು ಗಡಿಯಾರಗಳ ಪಾಠ ಇಲ್ಲಿ ಫಲಿಸಿತು. ಎರಡನೆಯದಾಗಿ, 15 ರೂಪಾಯಿ ಕೊಟ್ಟ ಯಾರಿಗಾದರೂ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಕೊಡತಕ್ಕದ್ದೆಂದಾಯಿತು. ಗುಮಾಸ್ತೆ ಏನು ಮಾಡುತ್ತಿದ್ದಾನೆಂದು ಕಾಣುವಂತೆ ಕಿಟಕಿಯ ಹೊರಗಿನವರ ಕಡೆಗೂ ಒಂದು ಪರದೆಯನ್ನು ತಿರುಗಿಸಿಟ್ಟರು. ಮೂರನೆಯದಾಗಿ, ಖಾತೆ ಬದಲಾವಣೆಯ ಅರ್ಜಿಗೆ ನಂಬರು ಬೀಳುತ್ತಿತ್ತು. ಮೊದಲು ಬಂದದ್ದನ್ನು ಬಿಟ್ಟು ಆಮೇಲಿನದನ್ನು ಎತ್ತಿಕೊಳ್ಳಲು ಯಂತ್ರವೇ ಬಿಡುತ್ತಿರಲಿಲ್ಲ. ನಾಲ್ಕನೆಯದಾಗಿ, ದಾಖಲೆಯನ್ನು ತಿದ್ದುವ ಅಧಿಕಾರಿ ಯಂತ್ರಕ್ಕೆ ಬೆರಳಚ್ಚು ಕೊಡಬೇಕಾಗಿತ್ತು. 'ನಾನಲ್ಲ, ಯಾರೋ ಮಾಡಿದ್ದು' ಎನ್ನಲು ಅವಕಾಶ ಉಳಿಯಲಿಲ್ಲ. ನೂರಾರು ವರ್ಷ ರೈತನಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಸರ್ಕಾರ ತನ್ನ ಅಧಿಕಾರಿಯಿಂದ ಬೆರಳೊತ್ತಿಸಿಕೊಂಡಿತು.

ಫಲವೇನು? ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಆ ಮೊದಲ ವರ್ಷಗಳಲ್ಲಿಯೇ ರೈತರನ್ನು ಕೇಳಿ ಒಂದು ವರದಿಯನ್ನು ಸಿದ್ಧಪಡಿಸಿತು. ಕೈಬರಹದ ಕಾಲದಲ್ಲಿ ಲಂಚ ಕೊಟ್ಟೆವೆಂದವರು ನೂರಕ್ಕೆ 66 ಮಂದಿ. ಭೂಮಿ ಕಿಟಕಿಯಲ್ಲಿ ಕೊಟ್ಟೆವೆಂದವರು ನೂರಕ್ಕೆ 3 ಮಂದಿ. ವಾರಗಟ್ಟಲೆ ಅಲೆದು ಪಡೆಯುತ್ತಿದ್ದ ಕಾಗದ ಸಾಲಿನಲ್ಲಿ ನಿಂತ ದಿನವೇ ಕೈಗೆ ಬಂತು. ಬರೆಯದ ತೆರಿಗೆಯ ಒಂದು ದೊಡ್ಡ ಪಾಲು ನಿಂತಿತು. ನಮ್ಮ ಎರಡನೆಯ ಪ್ರಶ್ನೆಗೆ, ಎಂದರೆ ದಾಖಲೆಯನ್ನು ನೋಡಬಲ್ಲವರು ಯಾರು ಎಂಬುದಕ್ಕೆ, ಆತಕೂರಿನ ಕಲ್ಲಿನ ಕಾಲದ ಉತ್ತರವೇ ಮತ್ತೆ ದೊರೆಯಿತು: ಎಲ್ಲರೂ.

ಕಿಟಕಿ ಮುಂದೆ ಹಳ್ಳಿಗೂ ಸರಿಯಿತು. 2006ರಲ್ಲಿ 'ನೆಮ್ಮದಿ' ಎಂಬ ಹೆಸರಿನಲ್ಲಿ ಹೋಬಳಿಗಳಲ್ಲಿ ಸುಮಾರು 800 ಕೇಂದ್ರಗಳು ತಲೆಯೆತ್ತಿದವು. 2012ರ ಕೊನೆಯಿಂದ ಆ ಕೆಲಸವನ್ನು ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ವಹಿಸಿಕೊಂಡವು. 2022ರಿಂದ 'ಗ್ರಾಮ ಒನ್' ಕೇಂದ್ರಗಳು ಪಂಚಾಯಿತಿಯ ಮಟ್ಟಕ್ಕೆ ಬಂದವು. ಹೈಸ್ಕೂಲಿನಲ್ಲಿ ಕೆಲಸ ಮಾಡುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯದ ಪ್ರಮಾಣಪತ್ರ ತರಲು ತಂದೆ ಕೂಲಿ ಬಿಟ್ಟು ಹೋಗಬೇಕಾಗಿದ್ದ, ಮಗು ಪಾಠ ಬಿಟ್ಟು ಅವನ ಹಿಂದೆ ಅಲೆಯಬೇಕಾಗಿದ್ದ ದಿನಗಳನ್ನು ನಾವು ಕಂಡವರು.

ಇಲ್ಲಿಗೆ ನಿಲ್ಲಿಸಿದರೆ ಇದು ಹೊಗಳಿಕೆಯ ಲೇಖನವಾದೀತು. ಮೂರನೆಯ ಪ್ರಶ್ನೆ ಇನ್ನೂ ಉಳಿದಿದೆ.

ದಾಖಲೆ ಎಲ್ಲರಿಗೂ ಕಾಣುವಂತಾದರೆ ಎಲ್ಲರಿಗೂ ಸಮನಾದ ಲಾಭವಾಗುವುದೆ? ಸೊಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತಲ ಹಳ್ಳಿಗಳನ್ನು ಅಧ್ಯಯನ ಮಾಡಿ ಇಲ್ಲವೆಂದು ವಾದಿಸಿದರು. ಯಾವ ಸರ್ವೆ ನಂಬರು ಯಾರದು, ಎಷ್ಟು ಸಾಲವಿದೆ ಎಂಬುದು ಒಂದೇ ಕಡೆ ದೊರೆಯುವುದರಿಂದ ರೈತನಿಗಿಂತ ದೊಡ್ಡ ಕೊಳ್ಳುಗನಿಗೇ ಹೆಚ್ಚು ಅನುಕೂಲವಾಯಿತೆಂದು ಅವರ ಮತ. ಕನ್ನಡಿ ಎಲ್ಲರಿಗೂ ಒಂದೇ; ಅದನ್ನು ಹಿಡಿಯುವ ಕೈ ಒಂದೇ ಅಲ್ಲ. ಬೆಂಗಳೂರು-ಮೈಸೂರು ಹೆದ್ದಾರಿ ಹಾದುಹೋಗುವ ಮದ್ದೂರಿನವರು ಈ ವಾದವನ್ನು ತಳ್ಳಿಹಾಕದೆ ನೆನಪಿನಲ್ಲಿಡುವುದು ಒಳ್ಳೆಯದು.

ಇನ್ನೊಂದು ಮಾತು. ಯಂತ್ರ ತನ್ನಲ್ಲಿ ತುಂಬಿದ್ದನ್ನು ತೋರಿಸುತ್ತದೆ. ತುಂಬದೆ ಬಿಟ್ಟದ್ದನ್ನು ತೋರಿಸಲಾರದು. ಅನೇಕ ಪಹಣಿಗಳಲ್ಲಿ ಇಂದಿಗೂ ತೀರಿಹೋದ ಅಜ್ಜಂದಿರ ಹೆಸರೇ ಇದೆ. ಪಿತ್ರಾರ್ಜಿತವಾಗಿ ಬಂದ ಹಕ್ಕನ್ನು ಮೂರು ತಿಂಗಳೊಳಗೆ ತಿಳಿಸಿ ಖಾತೆ ಮಾಡಿಸಿಕೊಳ್ಳಬೇಕೆಂದು ಕಾಯಿದೆ ಹೇಳಿದರೂ, ಭಾಗದ ಜಗಳಕ್ಕೋ ಉದಾಸೀನಕ್ಕೋ ಎಷ್ಟೋ ಮನೆಗಳು ಅದನ್ನು ಮಾಡಿಸಲೇ ಇಲ್ಲ. ಉಳುವವನು ಮೊಮ್ಮಗ, ಕಾಗದದಲ್ಲಿರುವವನು ಅಜ್ಜ; ಬ್ಯಾಂಕಿನವರು ಸತ್ತವನಿಗೆ ಸಾಲ ಕೊಡುತ್ತಾರೆಯೆ? ಇದಕ್ಕೆಂದೇ ಕಂದಾಯ ಇಲಾಖೆ 2025ರಲ್ಲಿ 'ಇ-ಪೌತಿ' ಎಂಬ ಆಂದೋಲನವನ್ನು ಹೂಡಿತು.

ಹೆಣ್ಣುಮಕ್ಕಳ ಮಾತು ಹೇಗಿದೆ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂಬ ಶಾಸನವನ್ನು ಕರ್ನಾಟಕ 1994ರಲ್ಲೇ ಮಾಡಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಹಾಗಿದ್ದರೂ ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ಬಿಟ್ಟುಬಿಡುವ ಮನೆಗಳಿವೆ. ಗದ್ದೆಯಲ್ಲಿ ನಾಟಿ ಹಾಕಿದವಳು, ಕಳೆ ತೆಗೆದವಳು ಅವಳು, ಪಹಣಿಯಲ್ಲಿ ಅವಳಿಲ್ಲ.

ವಾರಕ್ಕೆ ಮಾಡುವವನ ಕಥೆ ಇನ್ನೂ ವಿಚಿತ್ರ. 1974ರ ಸುಧಾರಣೆ ಗೇಣಿಯನ್ನು ನಿಷೇಧಿಸಿತಷ್ಟೆ. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಬರವಣಿಗೆಯಲ್ಲಿ ಬಂದರೆ ಜಮೀನು ಕೈಬಿಡುವುದೆಂಬ ಭಯದಿಂದ ಒಡೆಯನು ಉಳುವವನ ಹೆಸರನ್ನು ಬರೆಯಗೊಡುವುದಿಲ್ಲ. ಒಂದು ಕಾಲದಲ್ಲಿ ಉಳುವವನನ್ನು ಕಾಪಾಡಿದ 12ನೆಯ ಅಂಕಣವೇ ಈಗ ಅವನನ್ನು ಕಾಣದು. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ನೇರವಾಗಿ ರೈತನ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಮಧ್ಯವರ್ತಿಯಿಲ್ಲ, ಲಂಚವಿಲ್ಲ, ಬಲು ಒಳ್ಳೆಯದು. ಆದರೆ ಅದು ಬೀಳುವುದು ಸಾಗುವಳಿ ಭೂಮಿ ತನ್ನ ಹೆಸರಿನಲ್ಲಿದ್ದವನಿಗೆ ಮಾತ್ರ. ವಾರಕ್ಕೆ ಮಾಡಿದವನಿಗೂ ಇಲ್ಲ, ಕಬ್ಬು ಕಡಿಯುವ ಕೂಲಿಗೂ ಇಲ್ಲ. ನೀರು ನಾಲೆಯಲ್ಲಿ ಎಷ್ಟೇ ಚೆನ್ನಾಗಿ ಹರಿಯಲಿ, ತೂಬಿಲ್ಲದ ಗದ್ದೆಗೆ ಹತ್ತುವುದಿಲ್ಲ.

ಬೇರೆ ದೇಶದ ಒಂದು ನಿದರ್ಶನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಫ್ರಿಕದ ಕೀನ್ಯಾದಲ್ಲಿ 2007ರಲ್ಲಿ 'ಎಂ-ಪೆಸಾ' ಎಂಬ ಏರ್ಪಾಟು ಬಂದಿತು. ಸಾಧಾರಣವಾದ ಮೊಬೈಲ್ ಫೋನಿನಿಂದಲೇ ಹಣ ಕಳುಹಿಸಬಹುದು, ಪಡೆಯಬಹುದು, ಕೂಡಿಡಬಹುದು. ತವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು ಹಲವು ವರ್ಷ ಅಲ್ಲಿನ ಕುಟುಂಬಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇದರಿಂದ 1,94,000 ಕುಟುಂಬಗಳು, ಎಂದರೆ ದೇಶದ ಕುಟುಂಬಗಳಲ್ಲಿ ನೂರಕ್ಕೆ ಎರಡರಷ್ಟು, ಕಡುಬಡತನದಿಂದ ಮೇಲೆ ಬಂದವು. ಹೆಚ್ಚಿನ ಪ್ರಯೋಜನ ಪಡೆದವು ಹೆಂಗಸರೇ ಯಜಮಾನಿಕೆ ವಹಿಸಿದ್ದ ಮನೆಗಳು. ಅಲ್ಲಿ ಬೇಕಾದದ್ದು ಒಂದು ಫೋನು, ಪಹಣಿಯಲ್ಲ. ಜಮೀನಿಲ್ಲದವಳಿಗೂ ಆ ಬಾಗಿಲು ತೆರೆದಿತ್ತು. ನಮ್ಮಲ್ಲಿ ಬಾಗಿಲು ಚೆನ್ನಾಗಿದೆ, ಕೀಲಿಗೆ ಎಣ್ಣೆ ಬಿದ್ದಿದೆ. ಆದರೆ ಒಳಗೆ ಹೋಗಲು ಹೆಸರು ಬೇಕು. ಇದೇ ಅಂತರ.

ಹೆಸರಿದ್ದರೂ ಎಲ್ಲ ಸರಿಹೋಗುವುದಿಲ್ಲವೆಂಬುದನ್ನು ಮಂಡ್ಯ ಜಿಲ್ಲೆ ಬಲ್ಲದು. 2015ರಲ್ಲಿ ಸಾಲದ ಹೊರೆ ತಾಳಲಾರದೆ ಇಲ್ಲಿ ಕಬ್ಬಿನ ಬೆಳೆಗಾರರು ಪ್ರಾಣ ಕಳೆದುಕೊಂಡರು. ಪಹಣಿ ಸಾಲವನ್ನು ತಂದುಕೊಟ್ಟೀತು. ಬೆಳೆಗೆ ಬೆಲೆಯನ್ನು ತಂದುಕೊಡಲಾರದು, ಮಳೆಯನ್ನು ತರಲಾರದು. ಯಂತ್ರದಿಂದ ಅದು ಮಾಡಲಾರದ್ದನ್ನು ಬೇಡುವುದು ತಪ್ಪು. ಅದು ಮಾಡಬಲ್ಲದ್ದನ್ನು ಮಾಡಿಸಿಕೊಳ್ಳದಿರುವುದೂ ಅಷ್ಟೇ ತಪ್ಪು.

ಹಾಗಾದರೆ ಮಾಡಿಸಿಕೊಳ್ಳಬೇಕಾದದ್ದೇನು? ನಮ್ಮ ಮಕ್ಕಳಿಗೆ ನಾವು ಪದ್ಯದ ಪ್ರತಿಪದಾರ್ಥ ಹೇಳಿಕೊಡುತ್ತೇವೆ. ತಮ್ಮ ಮನೆಯ ಪಹಣಿಯ ಪ್ರತಿಪದಾರ್ಥವನ್ನು ಹೇಳಿಕೊಡುವುದಿಲ್ಲ. ಹತ್ತನೆಯ ತರಗತಿಯ ಹುಡುಗಿಗೆ 9, 11, 12ನೆಯ ಅಂಕಣಗಳಲ್ಲಿ ಏನಿರುತ್ತದೆಂದು ಒಂದು ಗಂಟೆಯಲ್ಲಿ ಕಲಿಸಬಹುದು. ಈಗ ಪಹಣಿಯನ್ನು ಮನೆಯ ಫೋನಿನಲ್ಲೇ ನೋಡಬಹುದಾಗಿದೆ. ವಾಚಕರೇ, ಈ ವಾರ ನಿಮ್ಮ ಜಮೀನಿನ ಪಹಣಿಯನ್ನು ತೆರೆದು ನೋಡಿ. ತೀರಿಹೋದವರ ಹೆಸರಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿ. ವಂಶವೃಕ್ಷ ಬರೆಸುವಾಗ ಅಕ್ಕತಂಗಿಯರ ಹೆಸರು ಬಿಟ್ಟಿದೆಯೇ ಎಂದು ನೋಡಿ, ಬಿಟ್ಟಿದ್ದರೆ ಸೇರಿಸಿ. ನಿಮ್ಮ ಹೊಲವನ್ನು ವಾರಕ್ಕೆ ಮಾಡುವವನಿದ್ದರೆ, ಬರಪರಿಹಾರದ ಹಣ ನಿಮ್ಮ ಖಾತೆಗೆ ಬಿದ್ದ ದಿನ ಬೆಳೆ ಕಳೆದುಕೊಂಡವನು ಅವನೆಂಬುದನ್ನು ನೆನಪಿಡಿ.

ಆತಕೂರಿನ ಕಲ್ಲು ಒಂದು ನಾಯಿಯ ಹೆಸರನ್ನು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿಸಿತು. ಆ ಪೂಜೆಯ ಭೂಮಿಯನ್ನು ಉತ್ತವರ ಹೆಸರು ನಮಗೆ ತಿಳಿಯದು. ಕಲ್ಲಿನಲ್ಲಿ ಜಾಗ ಕಡಮೆ, ಕೊರೆಯುವುದು ಕಷ್ಟ ಎಂದು ಆ ಕಾಲದವರು ಹೇಳಬಹುದಾಗಿತ್ತು. ಗಣಕಯಂತ್ರದಲ್ಲಿ ಜಾಗಕ್ಕೆ ಬರವಿಲ್ಲ. ಆ ನೆಪ ನಮಗಿಲ್ಲ.